ತಣ್ಣು, ತಂಪು, ತಂಪುಪೆಟ್ಟಿಗೆ

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಯಾವುದಾದರೂ ಅಂಗಡಿಗೆ ಹೋಗಿ ‘ಕೂಲರ್ ತೋರಿಸ್ರಿ’ ಅಂದರೆ ನೀರಿನ ತೊಟ್ಟಿ, ಹುಲ್ಲಿನ ಪ್ಯಾಡು, ದೊಡ್ಡ ಫ್ಯಾನು ಇರುವ ಯಂತ್ರವನ್ನು ತೋರಿಸುತ್ತಾರೆ. ರೈಲು ನಿಲ್ದಾಣದಲ್ಲಿ, ಶಾಲೆಯ ವರಾಂಡದಲ್ಲಿ ಕೂಲರ್ ಎಂದರೆ ಕುಡಿಯುವ ನೀರಿನ ನಲ್ಲಿಯಿರುವ ಸ್ಟೀಲ್ ತೊಟ್ಟಿ. ಟೆಕ್ಸಾಸಿನಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಅದೇ ಪದಕ್ಕೆ ಮೂರನೆಯ ಅರ್ಥ: ಐಸು ತುಂಬಿ, ಮಜ್ಜಿಗೆಯನ್ನೋ ಹಣ್ಣನ್ನೋ ಇಟ್ಟು, ಕಾರಿನ ಡಿಕ್ಕಿಯಲ್ಲಿ ಒಯ್ಯುವ ಮುಚ್ಚಳದ ಪೆಟ್ಟಿಗೆ. ನಮ್ಮ ಕರಾವಳಿಯಲ್ಲಿ ಇದನ್ನು ‘ಐಸ್ ಬಾಕ್ಸ್’ ಅನ್ನುತ್ತಾರೆ. ಅಂಗಡಿಯ ಚೀಟಿಯಲ್ಲಿ ಕೂಲರ್ ಬಾಕ್ಸ್, ಚಿಲ್ಲರ್ ಬಾಕ್ಸ್, ಐಸ್ ಚೆಸ್ಟ್ ಎಂದು ಬಗೆಬಗೆಯ ಹೆಸರುಗಳಿರುತ್ತವೆ.

ಕೂಲರ್ ಎನಿಸಿಕೊಂಡ ಈ ಮೂರು ವಸ್ತುಗಳಲ್ಲಿ ಮೊದಲ ಎರಡು ತಂಪನ್ನು ಹುಟ್ಟಿಸುತ್ತವೆ. ಮೂರನೆಯದು ಹುಟ್ಟಿಸುವುದಿಲ್ಲ. ಪೆಟ್ಟಿಗೆಗೆ ಯಂತ್ರವಿಲ್ಲ, ಕರೆಂಟಿಲ್ಲ. ನಾವು ಒಳಗಿಟ್ಟ ತಂಪನ್ನು ಹೊರಗಿನ ಬಿಸಿ ತಿಂದುಹಾಕದಂತೆ ಅದು ಕಾಯುತ್ತದೆ, ಅಷ್ಟೇ. ‘ತಣ್ಣಗೆ ಮಾಡುವುದು’ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು ನಂಬಿ ಬಿಸಿ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿ, ಮಧ್ಯಾಹ್ನದ ಹೊತ್ತಿಗೆ ಐಸೆಲ್ಲ ನೀರಾಯಿತೆಂದು ಪೆಟ್ಟಿಗೆಯನ್ನು ಬೈಯುವವರು ಬಹಳ. ತಂಪಿನ ವಿಷಯದಲ್ಲಿ ಕನ್ನಡದ ಪದಗಳು ಇದಕ್ಕಿಂತ ಸೂಕ್ಷ್ಮವಾಗಿವೆ. ಪೆಟ್ಟಿಗೆ ಕೊಳ್ಳುವ ಮುನ್ನ ಅವುಗಳ ಬೆನ್ನು ಹತ್ತುವುದರಲ್ಲಿ ಲಾಭವಿದೆ ಎಂದೇ ನನ್ನ ನಂಬಿಕೆ.

ಮೊದಲು ಒಂದು ಮೋಸದ ಹೋಲಿಕೆಯನ್ನು ಬಗೆಹರಿಸಬೇಕು. ಹಳಗನ್ನಡದಲ್ಲಿ ‘ಕುಳಿರ್’ ಎಂಬ ಪದವಿದೆ. ಅರ್ಥ ಚಳಿ, ತಂಪು. ಕುಳಿರ್‌ಗೂ ಕೂಲರಿಗೂ ಕಿವಿಯಲ್ಲಿ ಎಷ್ಟು ಹತ್ತಿರ! ಆದರೆ ಇವೆರಡಕ್ಕೂ ನಂಟಿಲ್ಲ. ಇಂಗ್ಲಿಷಿನ ಕೂಲ್, ಕೋಲ್ಡ್, ಚಿಲ್ ಒಂದೇ ಬಳ್ಳಿಯವು. ಲ್ಯಾಟಿನ್ ಕಡೆಯಿಂದ ಬಂದ ಜೆಲ್, ಜೆಲ್ಲಿ, ಗ್ಲೇಸಿಯರ್ ಕೂಡ ಅದೇ ಬಳ್ಳಿಯ ದೂರದ ಕುಡಿಗಳು. ಹೆಪ್ಪುಗಟ್ಟುವುದು ಅವುಗಳ ಮೂಲ ಭಾವ. ಕುಳಿರ್ ಪೂರ್ತಿ ದ್ರಾವಿಡದ್ದು. ತಮಿಳು, ಮಲಯಾಳಗಳಲ್ಲಿ ಅದು ಇಂದಿಗೂ ಮನೆಮಾತು. ತಮಿಳಿನಲ್ಲಿ ಫ್ರಿಜ್ಜಿನ ಹೆಸರೇ ಕುಳಿರ್‌ಸಾದನಪ್ಪೆಟ್ಟಿ. ಕನ್ನಡದ ಆಡುಮಾತಿನಿಂದ ಮಾತ್ರ ಅದು ಜಾರಿಹೋಯಿತು. ಕವಿಗಳ ‘ಕುಳಿರ್ಗಾಳಿ’ಯಲ್ಲಿ ಉಳಿದಿದೆ. ಅದರ ಜಾಗವನ್ನೆಲ್ಲ ತುಂಬಿದ್ದು ಇನ್ನೊಂದು ದ್ರಾವಿಡ ಬೇರು, ‘ತಣ್’.

ತಣ್ ಎಂಬ ಈ ಪುಟ್ಟ ಬೇರು ಕನ್ನಡದಲ್ಲಿ ಎಷ್ಟು ಹಬ್ಬಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ತಣ್ + ನೀರು, ತಣ್ಣೀರು. ತಣ್ + ನೆಳಲು, ತಣ್ಣೆಳಲು. ತಣ್ + ಕದಿರ್, ತಣ್ಗದಿರ್, ಅಂದರೆ ಚಂದ್ರ. ‘ತಣ್ಪು’ ಎಂಬ ಹಳೆಯ ರೂಪದಲ್ಲಿ ಣ್ ತನ್ನ ಪಕ್ಕದ ಪಕಾರಕ್ಕೆ ಒಗ್ಗಿಕೊಂಡು ‘ತಂಪು’ ಆಯಿತು. ಆ ತಂಪಿನ ಎಲರು, ಎಂದರೆ ಗಾಳಿ, ತಂಬೆಲರು. ಹಳಗನ್ನಡದ ಕವಿಗಳಿಗೆ ವನವರ್ಣನೆಯಲ್ಲಿ ತಂಬೆಲರಿಲ್ಲದೆ ಕೈ ಓಡುತ್ತಿರಲಿಲ್ಲ. ಮಲೆನಾಡಿನ ಊಟದೆಲೆಯ ತಂಬುಳಿ, ತಣ್ಣನೆಯ ಹುಳಿ. ಒಲೆಯ ಮೇಲೆ ಕುದಿಸದ, ಮಜ್ಜಿಗೆಗೆ ಸೊಪ್ಪನ್ನು ಅರೆದು ಬೆರೆಸಿದ ಪದಾರ್ಥಕ್ಕೆ ಅದಕ್ಕಿಂತ ಒಪ್ಪುವ ಹೆಸರಿಲ್ಲ. ರಾತ್ರಿ ಮಿಕ್ಕಿ ಬೆಳಿಗ್ಗೆಗೆ ತಣ್ಣಗಾದ ಕೂಳು ತಂಗೂಳು, ಅದೇ ತಂಗಳು. ಫ್ರಿಜ್ಜು ಮನೆಮನೆಗೆ ಬಂದಾಗ ಹಿರಿಯರು ಅದನ್ನು ‘ತಂಗಳು ಪೆಟ್ಟಿಗೆ’ ಎಂದು ಕರೆದರಲ್ಲ, ಅವರ ನಾಲಿಗೆಗೆ ಈ ಬೇರಿನ ನೆನಪು ಚೆನ್ನಾಗಿಯೇ ಇತ್ತು. ತಂಬಿಗೆಯನ್ನು ಮಾತ್ರ ಈ ಮನೆತನಕ್ಕೆ ಸೇರಿಸಬಾರದು. ನೀರು ತುಂಬಿಟ್ಟರೂ ಅದು ತಾಮ್ರದಿಂದ ಬಂದ ಹೆಸರು.

ನೆರೆಯ ಭಾಷೆಗಳಲ್ಲಿ ಈ ಬೇರಿಗೆ ಬೇರೆ ಬೇರೆ ಬಾಳು ದೊರೆತಿದೆ. ಮಲಯಾಳದಲ್ಲಿ ಚಳಿಗೆ ತಣುಪ್ಪು. ತೆಲುಗಿನ ತನಿಯು ಎಂದರೆ ತೃಪ್ತಿಹೊಂದು. ತಮಿಳಿನ ‘ತಣ್ಣೀರ್’ ಕಥೆ ಎಲ್ಲಕ್ಕಿಂತ ಸ್ವಾರಸ್ಯ. ಅಲ್ಲಿ ಅದು ಬರಿಯ ‘ನೀರು’ ಎಂಬ ಅರ್ಥಕ್ಕೆ ಸವೆದು, ಬಿಸಿನೀರಿಗೂ ‘ಸುಡುತಣ್ಣಿ’ ಎನ್ನುವಷ್ಟು ದೂರ ಬಂದಿದೆ. ಕನ್ನಡ ಆ ಸವೆತಕ್ಕೆ ಒಪ್ಪಲಿಲ್ಲ. ನಮ್ಮಲ್ಲಿ ತಣ್ಣೀರು ತಣ್ಣಗೇ ಇರಬೇಕು. ತಣ್ಣೀರನ್ನೂ ಆರಿಸಿ ಕುಡಿಯುವವರು ಎಂದು ಅತಿ ಎಚ್ಚರಿಕೆಯವರನ್ನು ಆಡಿಕೊಳ್ಳುವ ಗಾದೆಗೆ ಅರ್ಥ ಬರುವುದು ಆಗಲೇ.

ಇದಕ್ಕಿಂತ ಮುಖ್ಯವಾದದ್ದು ತಣ್ ಬೇರಿನ ಪದಗಳೊಳಗಿನ ಒಲವು. ‘ಚಳಿಯಾಗ್ತಿದೆ’ ಎಂದರೆ ದೂರು. ‘ಶೀತ ಆಗಿದೆ’ ಎಂದರೆ ಮೂಗು ಸೋರುತ್ತಿದೆ. ‘ತಂಪಾಗಿದೆ’ ಎಂದರೆ ಮಾತ್ರ ಮೆಚ್ಚುಗೆ. ಮಗುವಿಗೆ, ಉಣ್ಣಿಸಿದವರಿಗೆ ‘ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ. ಉಪಕಾರ ಮಾಡಿದವರನ್ನು ತಂಪು ಹೊತ್ತಿನಲ್ಲಿ ನೆನೆಯಬೇಕು ಎನ್ನುತ್ತೇವೆ. ಹೆಸರುಬೇಳೆ, ಎಳನೀರು, ಮೆಂತ್ಯ ದೇಹಕ್ಕೆ ತಂಪು. ‘ತಣಿ’ ಎಂಬ ಕ್ರಿಯಾಪದವಂತೂ ತಂಪಾಗುವುದನ್ನೂ ತೃಪ್ತಿಯಾಗುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ: ದಾಹ ತಣಿಯುತ್ತದೆ, ಕಣ್ಣು ತಣಿಯುತ್ತದೆ, ಮನಸ್ಸು ತಣಿಯುತ್ತದೆ. ವರ್ಷದ ಬಹುಪಾಲು ಬಿಸಿಲಿನಲ್ಲೇ ದುಡಿಯುವ ನಾಡಿನ ಜನ ತಂಪನ್ನು ಬಿಸಿಯ ಕೊರತೆ ಎಂದು ಎಣಿಸಲಿಲ್ಲ. ಗಳಿಸಬೇಕಾದ, ಗಳಿಸಿದ ಮೇಲೆ ಉಳಿಸಿಕೊಳ್ಳಬೇಕಾದ ಸೊತ್ತು ಎಂದು ಎಣಿಸಿದರು.

ಗಳಿಸುವುದಕ್ಕೆ ಕನ್ನಡದಲ್ಲಿ ಇನ್ನೊಂದು ಕ್ರಿಯಾಪದ ಇದೆ, ‘ಆರು’. ಕಾಫಿ ಆರುತ್ತದೆ, ಬಟ್ಟೆ ಆರುತ್ತದೆ, ಬೆವರು ಆರುತ್ತದೆ, ಬಾಯಿ ಆರಿದರೆ ಬಾಯಾರಿಕೆ. ಒಣಗುವುದಕ್ಕೂ ತಣ್ಣಗಾಗುವುದಕ್ಕೂ ಒಂದೇ ಪದ ಹೇಗೆ ಬಂತು ಎಂದು ಕೇಳಿದರೆ ಉತ್ತರ ಮಡಕೆಯಲ್ಲಿದೆ. ಮಣ್ಣಿನ ಮಡಕೆಯ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಕಿಲೋ ನೀರು ಹೀಗೆ ಆರಿಹೋಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಂದು ಕಿಲೋ ಐಸು ಕರಗುವಾಗ ಹೀರುವುದು 334 ಕಿಲೋಜೂಲ್ ಮಾತ್ರ. ತೂಕಕ್ಕೆ ತೂಕ ಹಿಡಿದರೆ ಮಡಕೆಯದೇ ಮೇಲುಗೈ. ಕೂಜಾ, ಒದ್ದೆ ಗೋಣಿ ಸುತ್ತಿದ ಕ್ಯಾನು, ಲಾವಂಚದ ತಟ್ಟಿ, ಕಲಬುರಗಿಯ ಆ ಕೂಲರ್ ಎಲ್ಲವೂ ನಡೆಯುವುದು ಇದೇ ಲೆಕ್ಕದಲ್ಲಿ. ಆದರೆ ಆರಬೇಕಾದರೆ ಗಾಳಿ ಒಣಗಿರಬೇಕು. ರಾಯಚೂರಿನ ಮೇ ತಿಂಗಳಿನಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನಿಸುತ್ತದೆ. ಅದೇ ಮಡಕೆಯನ್ನು ಮಂಗಳೂರಿಗೆ ತಂದರೆ ನೀರು ಉಗುರುಬೆಚ್ಚಗೇ ಉಳಿಯುತ್ತದೆ. ಅಲ್ಲಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಇನ್ನಷ್ಟನ್ನು ಹೀರಿಕೊಳ್ಳಲು ಅದಕ್ಕೆ ತೆರಪಿಲ್ಲ. ಕರಾವಳಿಯಲ್ಲಿ ತಂಪು ಬೇಕೆಂದರೆ ಬೇರೆ ಕಡೆಯಿಂದ ತಂದು, ಕಾಪಾಡಿ ಇಟ್ಟುಕೊಳ್ಳಬೇಕು. ಐಸು ಬರುವವರೆಗೂ ಅದು ಆಗದ ಮಾತಾಗಿತ್ತು.

ಐಸಿಗೆ ಕನ್ನಡದಲ್ಲಿ ಹುಟ್ಟುಪದವಿಲ್ಲ. ನಮ್ಮ ಪೂರ್ವಜರು ಕೈಯಲ್ಲಿ ಹಿಡಿದ ಐಸೆಂದರೆ ಆಲಿಕಲ್ಲು ಮಾತ್ರ. ಮಂಜುಗಡ್ಡೆ ಪಾಠಪುಸ್ತಕದ ಪದ, ಹಿಮ ಸಂಸ್ಕೃತದ್ದು, ಬೀದಿಯಲ್ಲಿ ಗೆದ್ದದ್ದು ಐಸು. ದಕ್ಷಿಣ ಭಾರತಕ್ಕೆ ಅದು ಬಂದ ದಾರಿಯೂ ವಿಚಿತ್ರ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ ಸುಮಾರು 180 ಟನ್ ಕೆರೆಯ ಐಸನ್ನು ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪಯಣದಲ್ಲಿ ಭೂಮಧ್ಯರೇಖೆಯನ್ನು ಎರಡು ಸಲ ದಾಟಿ ಬಂದರೂ ನೂರು ಟನ್ನಿನಷ್ಟು ಉಳಿದಿತ್ತು. ಮದ್ರಾಸಿನಲ್ಲಿ 1842ರಲ್ಲಿ ಕಡಲ ದಂಡೆಗೆ ಐಸ್ ಹೌಸ್ ಎದ್ದಿತು. ಇಂದು ಅದು ವಿವೇಕಾನಂದರ ಹೆಸರಿನ ಭವನ, ಆದರೆ ಆ ಬಡಾವಣೆಯನ್ನು ಚೆನ್ನೈಯವರು ಇಂದಿಗೂ ಐಸ್ ಹೌಸ್ ಎಂದೇ ಕರೆಯುತ್ತಾರೆ. ಇಂಥ ಹಡಗುಗಳಲ್ಲಿ ಐಸನ್ನು ಕಾಪಾಡುತ್ತಿದ್ದದ್ದು ಮರದ ಹೊಟ್ಟಿನಂಥ ಹೊದಿಕೆ. ನಮ್ಮೂರುಗಳಲ್ಲೂ ಐಸ್ ಗಡ್ಡೆಗಳನ್ನು ಭತ್ತದ ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿ ಹೊದಿಸಿ ಇಡುತ್ತಿದ್ದರು. ಕಂಬಳಿ ಹೊದಿಸಿದರೆ ಐಸು ಬೇಗ ಕರಗುತ್ತದೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಕಂಬಳಿ ಬಿಸಿ ಕೊಡುವುದಿಲ್ಲ, ದಾಟಲು ಬಿಡುವುದಿಲ್ಲ. ಉಣ್ಣೆಯ ಎಳೆಗಳ ನಡುವೆ, ಹೊಟ್ಟಿನ ಕಣಗಳ ನಡುವೆ ಸಿಕ್ಕಿಕೊಂಡು ಕದಲದೆ ನಿಂತ ಗಾಳಿಯೇ ಬಿಸಿಯನ್ನು ತಡೆಯುವುದು.

ಇನ್ನು ಪೆಟ್ಟಿಗೆಯ ಕಥೆ. ‘ರೆಫ್ರಿಜರೇಟರ್’ ಎಂಬ ಪದವನ್ನು ಚಾಲ್ತಿಗೆ ತಂದದ್ದು ಅಡುಗೆಮನೆಯ ಯಂತ್ರವಲ್ಲ, ಹೊರಗೆ ಒಯ್ಯುವ ಒಂದು ಐಸು ಪೆಟ್ಟಿಗೆ. ಅಮೆರಿಕದ ಮೇರಿಲ್ಯಾಂಡಿನ ರೈತ ಥಾಮಸ್ ಮೂರ್ 1803ರಲ್ಲಿ ಅದಕ್ಕೆ ಪೇಟೆಂಟ್ ಪಡೆದ: ದೇವದಾರು ಜಾತಿಯ ಮರದ ತೊಟ್ಟಿ, ಅದರೊಳಗೆ ತಗಡಿನ ಡಬ್ಬಿ, ನಡುವೆ ಐಸು, ಹೊರಗೆ ಮೊಲದ ತುಪ್ಪಳದ ಹೊದಿಕೆ. ಬೇಸಿಗೆಯಲ್ಲಿ ಬೆಣ್ಣೆಯನ್ನು ಜಾರ್ಜ್‌ಟೌನಿನ ಸಂತೆಗೆ ಗಟ್ಟಿಯಾಗಿಯೇ ಒಯ್ಯುವುದು ಅವನ ಗುರಿ. ಸಂತೆಯ ದಾರಿಯಲ್ಲಿ ಹುಟ್ಟಿದ ಆ ಹೆಸರು ಮುಂದೆ ಅಡುಗೆಮನೆ ಸೇರಿ ಯಂತ್ರಕ್ಕೆ ಅಂಟಿಕೊಂಡಿತು. ಕೂಲರಿನ ಬಾಳೂ ಹಾಗೆಯೇ ಅಲೆದದ್ದು. ಇಂಗ್ಲಿಷಿನಲ್ಲಿ ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಕುದಿಸಿದ ದ್ರವವನ್ನು ಆರಲು ಬಿಡುವ ಪಾತ್ರೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಂಪು ಪಾನೀಯಕ್ಕೂ, ಬೀದಿಮಾತಿನಲ್ಲಿ ಜೈಲಿಗೂ ಅದೇ ಹೆಸರು. ಇಲಿನಾಯ್‌ನ ರಿಚರ್ಡ್ ಲ್ಯಾರಮಿ 1951ರಲ್ಲಿ ಅರ್ಜಿ ಹಾಕಿ 1953ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಯ ಶೀರ್ಷಿಕೆಯಲ್ಲಿ ಇದ್ದದ್ದು ‘ಪೋರ್ಟಬಲ್ ಐಸ್ ಚೆಸ್ಟ್’. ಅಂಥ ಪೆಟ್ಟಿಗೆಗಳು ಅಂಗಡಿಗೆ ಬಂದಮೇಲೆ ಜನರ ಬಾಯಲ್ಲಿ ಐಸ್ ಚೆಸ್ಟ್ ಕೂಲರ್ ಆಯಿತು. ಬ್ರಿಟನ್ನಿನವರು ಅದನ್ನು ಕೂಲ್ ಬಾಕ್ಸ್ ಎಂದರು, ನ್ಯೂಜಿಲೆಂಡಿನವರು ಚಿಲ್ಲಿ ಬಿನ್. ಆಸ್ಟ್ರೇಲಿಯದಲ್ಲಿ ವ್ಯಾಪಾರಿ ಹೆಸರಾದ ಎಸ್ಕಿಯೇ ಪೆಟ್ಟಿಗೆಯ ಹೆಸರಾಗಿ ನಿಂತಿತು. ಎಸ್ಕಿ, ಇಗ್ಲೂ, 2006ರಲ್ಲಿ ಟೆಕ್ಸಾಸಿನ ಇಬ್ಬರು ಅಣ್ಣತಮ್ಮಂದಿರು ಕಟ್ಟಿದ ಯೆಟಿ, ಈ ಮೂರೂ ಹಿಮದ ಸೀಮೆಯಿಂದ ಎರವಲು ತಂದ ಹೆಸರುಗಳು. ಅವುಗಳಲ್ಲಿ ಇಗ್ಲೂ ಹೆಚ್ಚು ಒಪ್ಪುತ್ತದೆ. ಹಿಮದ ಇಟ್ಟಿಗೆಯೊಳಗೆ ಸಿಕ್ಕಿಬಿದ್ದ ಗಾಳಿಯೇ ಇನ್ಯುಯಿಟರ ಮನೆಯ ಬೆಚ್ಚನೆಯನ್ನು ಒಳಗೆ ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಅದೇ ಗಾಳಿ ಬೆಚ್ಚನೆಯನ್ನು ಹೊರಗೆ ನಿಲ್ಲಿಸುತ್ತದೆ.

ನಮ್ಮ ದೇಶದಲ್ಲಿ ಹಾಗೆ ಜನಬಳಕೆಗೆ ಬಿದ್ದ ವ್ಯಾಪಾರಿ ಹೆಸರು ಥರ್ಮಾಕೋಲ್. ಮೀನು ಮಾರುವವರ ಬಾಯಲ್ಲಿ ‘ತರ್ಮಕೋಲು’. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1950ರ ದಶಕದ ಮೊದಲಲ್ಲಿ ಸ್ಟೈರೋಪೋರ್ ಎಂಬ ಹೆಸರಿನಲ್ಲಿ ಹೊರತಂದ ಉಬ್ಬಿಸಿದ ಪಾಲಿಸ್ಟೈರೀನ್ ಇದು. ನೂರಕ್ಕೆ ತೊಂಬತ್ತೆಂಟು ಪಾಲು ಗಾಳಿಯೇ. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ನಿಷೇಧಿಸಿದ ಒಂದುಸಲ ಬಳಸುವ ಪ್ಲಾಸ್ಟಿಕ್ಕುಗಳ ಪಟ್ಟಿಯಲ್ಲಿ ಅಲಂಕಾರದ ಪಾಲಿಸ್ಟೈರೀನನ್ನು ಗುರುತಿಸಲು ಥರ್ಮಾಕೋಲ್ ಎಂಬ ಪದವನ್ನೇ ಬಳಸಬೇಕಾಯಿತು. ಗೆಜೆಟ್ಟಿನವರೆಗೆ ನಡೆದುಹೋದ ವ್ಯಾಪಾರಿ ಹೆಸರುಗಳು ಕಡಿಮೆ. ಆ ಹೆಸರಿನ ಮೊದಲ ತುಂಡು ಗ್ರೀಕಿನ ‘ಥರ್ಮೋಸ್’, ಎಂದರೆ ಬಿಸಿ. ಸಂಸ್ಕೃತದ ‘ಘರ್ಮ’, ಪಾರಸಿಯ ಮೂಲಕ ಬಂದ ನಮ್ಮ ‘ಗರಂ’ ಅದರ ಒಡಹುಟ್ಟುಗಳು. ಥರ್ಮಾಸ್ ಫ್ಲಾಸ್ಕಿಗೂ ಇದೇ ಬೇರು. ಜೇಮ್ಸ್ ಡ್ಯೂವಾರ್ 1892ರಲ್ಲಿ ಲಂಡನ್ನಿನಲ್ಲಿ ಅಂಥ ಜೋಡಿಗೋಡೆಯ ಪಾತ್ರೆಯನ್ನು ಮಾಡಿದ್ದು ಚಹಾ ಬಿಸಿಯಾಗಿಡಲು ಅಲ್ಲ, ದ್ರವವಾಗಿಸಿದ ಅನಿಲಗಳನ್ನು ಕೊರೆಯುವಷ್ಟು ತಣ್ಣಗಿಡಲು. ಬಿಸಿಯ ಹೆಸರು ಅದಕ್ಕೆ ಬಂದದ್ದು 1904ರಲ್ಲಿ ಜರ್ಮನಿಯಲ್ಲಿ ಬೇರೆಯವರು ಕಂಪನಿ ಕಟ್ಟಿದ ಮೇಲೆ.

ಮಲ್ಪೆ, ಮಂಗಳೂರಿನ ಬಂದರುಗಳಿಂದ ಒಳನಾಡಿಗೆ ಮೀನು ಒಯ್ಯುವ ಬೈಕುಗಳನ್ನು ಹತ್ತಿರದಿಂದ ನೋಡಿ. ಹಿಂದಿನ ಸೀಟಿನಲ್ಲಿ ಥರ್ಮಾಕೋಲ್ ಪೆಟ್ಟಿಗೆ, ಸುತ್ತಲೂ ಕಂದು ಟೇಪು, ಹಳೆಯ ಟ್ಯೂಬಿನ ರಬ್ಬರಿನಿಂದ ಎರಡು ಸುತ್ತು ಬಿಗಿತ. ಮುಚ್ಚಳದ ಒಂದು ಮೂಲೆ ಸದಾ ಮುರಿದಿರುತ್ತದೆ, ದಿನಕ್ಕೆ ಎಷ್ಟೋ ಸಲ ಬೆರಳು ತೂರಿಸಿ ಎಬ್ಬಿಸುವ ಜಾಗ ಅದು. ಆ ಮೂಲೆಯ ಕೆಳಗೆ ಟೇಪಿನ ಮೇಲೆ ನೀರು ಬೆವೆತಿರುತ್ತದೆ. ಒಳಗೆ ಪುಡಿ ಐಸಿನ ಒಂದು ಹಾಸು, ಅದರ ಮೇಲೆ ಬಂಗುಡೆ, ಮತ್ತೆ ಐಸು, ಮತ್ತೆ ಮೀನು. ನಮ್ಮ ಹವೆಯಲ್ಲಿ ಮೀನಿನಷ್ಟೇ ತೂಕದ ಐಸು ಬೇಕೆನ್ನುವುದು ಮೀನು ಸಂರಕ್ಷಣೆಯ ರೂಢಿಯ ಲೆಕ್ಕ. ಮಾರುವವರು ಮುಚ್ಚಳ ಎತ್ತಿ, ಬೇಕಾದ ಮೀನನ್ನು ತೆಗೆದು, ತಕ್ಕಡಿಗೆ ಹಾಕುವ ಮೊದಲೇ ಎಡಗೈಯಲ್ಲಿ ಮುಚ್ಚಳ ಹಾಕಿರುತ್ತಾರೆ. ಬೇರೆ ಯಾರೂ ಕಲಿಸದೆ ಬಂದ ಜಾಣತನ ಅದು. ತೆರೆದಿಟ್ಟ ಒಂದೊಂದು ನಿಮಿಷವೂ ಅವರ ಅಂದಿನ ಸಂಪಾದನೆಯಿಂದ ಕಳೆದುಹೋಗುತ್ತದೆ.

ತಂಪು ಕಾಯುವ ಪೆಟ್ಟಿಗೆಯ ಇನ್ನೊಂದು ಮಾದರಿಯನ್ನು ಎಲ್ಲರೂ ಕಂಡಿದ್ದೇವೆ, ಹೆಸರಿಟ್ಟು ಗಮನಿಸಿಲ್ಲ. ಭಾರತದಲ್ಲಿ 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊ ಭಾನುವಾರಗಳಂದು ಆರೋಗ್ಯ ಕಾರ್ಯಕರ್ತೆಯರ ಹೆಗಲಲ್ಲಿದ್ದ ಲಸಿಕೆಯ ಪೆಟ್ಟಿಗೆ. ಹೊರಗಿನಿಂದ ದಪ್ಪ, ತೆರೆದರೆ ಒಳಗೆ ಅಂಗೈಯಗಲದ ಜಾಗ. ನಾಲ್ಕು ಬದಿಗೆ ನಾಲ್ಕು ಐಸ್ ಪ್ಯಾಕ್. ಕೆಲವು ಲಸಿಕೆಗಳಿಗೆ ಬಿಸಿಯಷ್ಟೇ ಅತಿಚಳಿಯೂ ಶತ್ರು, ಅವನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಹಾಗಾಗಿ ಗಟ್ಟಿಯಾದ ಪ್ಯಾಕನ್ನು ನೇರ ಹಾಕುವುದಿಲ್ಲ. ಹೊರಗಿಟ್ಟು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಕೇಳಿಸಿದ ಮೇಲೆ ಜೋಡಿಸುತ್ತಾರೆ. ಇನ್ಸುಲಿನ್ ಹಿಡಿದು ಪ್ರಯಾಣ ಮಾಡುವವರು ಈ ಕ್ರಮವನ್ನು ಹಾಗೇ ಕಲಿಯಬೇಕು. ಐಸಿಗೆ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಹಾಗಾದರೆ ಹೊರಗಿನ ಬಳಕೆಗೆ, ಹೊಲಕ್ಕೆ, ದೂರದ ಪ್ರಯಾಣಕ್ಕೆ ಎಂಥ ಪೆಟ್ಟಿಗೆ? ಗೋಡೆಯೇ ಮೊದಲು. ಥರ್ಮಾಕೋಲಿಗಿಂತ ಪಾಲಿಯುರೆಥೇನ್ ನೊರೆಯಲ್ಲಿ ಬಿಸಿ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ದಾಟುತ್ತದೆ. ಬಂದರಿನಲ್ಲಿ ಅದು ತುಂಬಿದ ಪೆಟ್ಟಿಗೆಗೆ ‘ಪಫ್ ಬಾಕ್ಸ್’ ಅನ್ನುತ್ತಾರೆ. ದಪ್ಪ ಇಮ್ಮಡಿಯಾದರೆ ಒಳನುಗ್ಗುವ ಬಿಸಿ ಅರ್ಧಕ್ಕಿಳಿಯುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಹೊರಗಿನ ಅಳತೆ 50 ಸೆಂಟಿಮೀಟರ್ ಉದ್ದ, 35 ಅಗಲ, 35 ಎತ್ತರ. ಹೊರಗೆ 35 ಡಿಗ್ರಿ ನೆರಳು, ಒಳಗೆ ಐಸು. ಗೋಡೆ 3 ಸೆಂಟಿಮೀಟರಿನ ಥರ್ಮಾಕೋಲ್ ಆದರೆ ದಿನವೊಂದಕ್ಕೆ ಸುಮಾರು 10 ಕಿಲೋ ಐಸು ಕರಗುತ್ತದೆ. ಅದೇ ಹೊರ ಅಳತೆಯಲ್ಲಿ 5 ಸೆಂಟಿಮೀಟರ್ ಪಫ್ ಇದ್ದರೆ 4 ಕಿಲೋ. ವ್ಯತ್ಯಾಸ ಬಲು ದೊಡ್ಡದು, ಆದರೆ ಅದಕ್ಕೊಂದು ಬೆಲೆಯುಂಟು: ಮೊದಲನೆಯದರೊಳಗೆ 37 ಲೀಟರ್ ಜಾಗ, ಎರಡನೆಯದರಲ್ಲಿ 25. ದಪ್ಪ ಗೋಡೆಯ ಪೆಟ್ಟಿಗೆಯನ್ನು ಹೊರಗಿನಿಂದ ನೋಡಿ ಕೊಂಡವರು ಮನೆಗೆ ಬಂದು ತೆರೆದಾಗ ಪೇಚಾಡುತ್ತಾರೆ. ಒಳಗಿನ ಲೀಟರನ್ನು ಕೇಳಿ ಕೊಳ್ಳಬೇಕು. ಅದರಲ್ಲೂ ಅರ್ಧದಷ್ಟು ಐಸಿಗೇ ಬೇಕು.

ಕೆಲವು ಕಂಪನಿಗಳು ಗೋಡೆಗಳಿಗೆ ಒಳ್ಳೆಯ ನೊರೆ ತುಂಬಿ ಮುಚ್ಚಳವನ್ನು ಟೊಳ್ಳು ಬಿಡುತ್ತವೆ. ಮುಚ್ಚಳವನ್ನು ಗೆಣ್ಣಿನಿಂದ ತಟ್ಟಿದರೆ ತಿಳಿಯುತ್ತದೆ, ಗೋಡೆಯ ಸದ್ದಿಗೂ ಅದಕ್ಕೂ ಅಂತರವಿರಬಾರದು. ಮುಚ್ಚಳದ ರಬ್ಬರ್ ಅಂಚಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತದೆ. ನಾಲ್ಕೂ ಬದಿಗೆ ಹೀಗೆ ಪರೀಕ್ಷಿಸಿ. ಕೊಂಡ ಮೇಲೆ ಇನ್ನೊಂದು ಪರೀಕ್ಷೆಯಿದೆ, ಕರಾವಳಿಯಲ್ಲೂ ಮಳೆಗಾಲದಲ್ಲೂ ಚೆನ್ನಾಗಿ ನಡೆಯುತ್ತದೆ. ಐಸು ತುಂಬಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೊರಮೈಯನ್ನು ಕೈಯಲ್ಲಿ ಸವರಿ ನೋಡಿ. ಎಲ್ಲಿ ಬೆವೆತಿದೆಯೋ ಅಲ್ಲಿ ಒಳಗಿನ ತಂಪು ಸೋರುತ್ತಿದೆ. ಕೀಲಿನ ಸುತ್ತ, ನೀರು ಬಿಡುವ ಬಿರಡೆಯ ಸುತ್ತ ಸಾಮಾನ್ಯವಾಗಿ ಇದು ಕಾಣುತ್ತದೆ.

ಬಾಳಿಕೆಯ ಮಾತಿಗೆ ಬಂದರೆ ರೊಟೊಮೋಲ್ಡ್ ಪೆಟ್ಟಿಗೆಗಳದೇ ಹಿರಿತನ. ಪಾಲಿಎಥಿಲೀನ್ ಪುಡಿಯನ್ನು ಅಚ್ಚಿನೊಳಗೆ ಹಾಕಿ, ಒಲೆಯಲ್ಲಿ ಆ ಅಚ್ಚನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತಾ ಕರಗಿಸಿದಾಗ ಬೆಸುಗೆಯೇ ಇಲ್ಲದ ಒಂದು ಚಿಪ್ಪು ಆಗುತ್ತದೆ. ಟ್ರಾಕ್ಟರಿನ ಟ್ರೈಲರಿನಲ್ಲಿ ಎಗರಿ ಬಿದ್ದರೂ, ಮೇಲೆ ಇಬ್ಬರು ಕೂತರೂ ಅದಕ್ಕೇನೂ ಆಗುವುದಿಲ್ಲ. ಅಮೆರಿಕದಲ್ಲಿ ಇಂಥ ಪೆಟ್ಟಿಗೆಗಳನ್ನು ಕರಡಿಗಳ ಮುಂದಿಟ್ಟು, ಒಡೆಯುತ್ತವೋ ಎಂದು ಪರೀಕ್ಷಿಸುವ ಏರ್ಪಾಡೂ ಇದೆ. ಆದರೆ ಖಾಲಿ ಪೆಟ್ಟಿಗೆಯೇ ಹತ್ತು ಕಿಲೋ ತೂಗಬಹುದು, ಬೆಲೆಯೂ ಜಾಸ್ತಿ. ಒಂದು ಹಗಲಿನ ಪಯಣಕ್ಕೆ ಅಂಥದ್ದನ್ನು ಕೊಳ್ಳುವುದು ನನಗೆ ಸರಿಕಾಣದು. ಇಂಜೆಕ್ಷನ್ ಮೋಲ್ಡಿನ, ಪಫ್ ತುಂಬಿದ ಹಗುರ ಪೆಟ್ಟಿಗೆ ಧಾರಾಳ ಸಾಕು. ಎರಡು ಮೂರು ದಿನ ಕಾಡಿನಂಚಿನಲ್ಲೋ ತೋಟದಲ್ಲೋ ಉಳಿಯುವವರು, ವಾರಕ್ಕೆ ಹಲವು ಸಲ ಬಳಸುವವರು ಮಾತ್ರ ಆ ತೂಕವನ್ನು ಹೊರಲಿ. ಯಾವುದೇ ಇರಲಿ, ಬಣ್ಣ ತಿಳಿಯಾಗಿರಲಿ, ಕಾದ ನೆಲಕ್ಕೆ ತಾಗದಂತೆ ಅಡಿಯಲ್ಲಿ ಗಿಡ್ಡ ಕಾಲುಗಳಿರಲಿ, ಕೀಲು ಮತ್ತು ಬಿರಡೆ ಬಿಡಿಯಾಗಿ ಸಿಗುವಂಥವಾಗಿರಲಿ. ಪೆಟ್ಟಿಗೆ ಹಾಳಾಗುವುದು ಅಲ್ಲಿಂದಲೇ. ಸೀಳಿನಿಂದ ನೀರು ಇಳಿದು ನೊರೆ ಒದ್ದೆಯಾದರೆ ಅದರ ಕಾಯುವ ಗುಣ ಕುಗ್ಗುತ್ತದೆ.

ಬಳಸುವಾಗ ಬಿಸಿ ವಸ್ತುಗಳನ್ನು ಒಳಗಿಡಬೇಡಿ, ಎಲ್ಲವೂ ಮೊದಲೇ ಫ್ರಿಜ್ಜಿನಲ್ಲಿ ತಣಿದಿರಲಿ. ಪೆಟ್ಟಿಗೆಯನ್ನೂ ಹಿಂದಿನ ರಾತ್ರಿ ಒಂದಿಷ್ಟು ಐಸು ಹಾಕಿ ತಣಿಸಿಟ್ಟಿರಿ. ಇಲ್ಲದಿದ್ದರೆ ಬೆಳಗಿನ ಐಸು ಗೋಡೆಯನ್ನು ತಣಿಸುವುದರಲ್ಲೇ ಅರ್ಧ ಸೋಲುತ್ತದೆ. ದೊಡ್ಡ ಗಡ್ಡೆ ಚಿಕ್ಕ ತುಂಡುಗಳಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಚಿಕ್ಕ ತುಂಡುಗಳು ಬೇಗ ತಣಿಸುತ್ತವೆ, ಎರಡನ್ನೂ ಬೆರೆಸಿ. ಖಾಲಿ ಜಾಗ ಬಿಡಬೇಡಿ, ಟವೆಲ್ಲನ್ನಾದರೂ ತುರುಕಿ. ಕರಗಿದ ನೀರನ್ನು ಒಡನೆ ಚೆಲ್ಲುವ ಆತುರವೂ ಬೇಡ. ಐಸು ಇರುವವರೆಗೆ ಅದು ಸೊನ್ನೆ ಡಿಗ್ರಿಯ ಆಸುಪಾಸಿನ ನೀರೇ, ಬಾಟಲಿಗಳ ಸುತ್ತ ಗಾಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮೀನು, ಮಾಂಸ, ಪನೀರಿನಂಥವು ಅದರಲ್ಲಿ ಮುಳುಗದಂತೆ ಮಾತ್ರ ಬಿಗಿ ಡಬ್ಬಿಯಲ್ಲಿ ಮೇಲಿಡಬೇಕು, ಅವು 5 ಡಿಗ್ರಿಯ ಕೆಳಗೇ ಇರಬೇಕು. ಡ್ರೈ ಐಸ್ ಬಳಸುವವರು ಗಾಳಿಯಾಡದ ರಬ್ಬರ್ ಅಂಚಿನ ಪೆಟ್ಟಿಗೆಯನ್ನು ಬಿಗಿದು ಮುಚ್ಚಲೇಬಾರದು. ಸೊನ್ನೆಗಿಂತ 78.5 ಡಿಗ್ರಿ ಕೆಳಗಿರುವ ಆ ಗಡ್ಡೆ ನೀರಾಗದೆ ನೇರ ಅನಿಲವಾಗಿ ಉಬ್ಬುತ್ತದೆ, ಕಾರಿನೊಳಗೆ ಉಸಿರುಗಟ್ಟಿಸುತ್ತದೆ.

ಹೆಸರಿನ ವಿಷಯಕ್ಕೆ ನನ್ನ ಮತ ‘ತಂಪುಪೆಟ್ಟಿಗೆ’ಗೆ. ಫ್ರಿಜ್ಜಿಗೆ ಫ್ರಿಜ್ಜೆಂಬ ಹೆಸರು ನಿಂತಾಗಿದೆ, ಕೂಲರನ್ನು ಕಲಬುರಗಿಯ ಯಂತ್ರಕ್ಕೆ ಬಿಟ್ಟುಕೊಡೋಣ. ತಂಪು ಇರುವ, ಇರಿಸುವ ಪೆಟ್ಟಿಗೆ ಎಂದಷ್ಟೇ ಹೇಳುವ ಈ ಜೋಡುಪದ, ತಾನು ಮಾಡದ ಕೆಲಸವನ್ನು ಮಾಡುತ್ತೇನೆಂದು ಹೇಳಿಕೊಳ್ಳುವುದಿಲ್ಲ. ಕುಟುಂಬದೊಡನೆ ದೂರ ಹೊರಟವರಿಗೆ ಅಂಥವು ಎರಡು ಬೇಕಾಗುತ್ತವೆ. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ತೆರೆಯುವ ನೀರು, ಮಜ್ಜಿಗೆ, ಹಣ್ಣಿಗೆ ಒಂದು ಚಿಕ್ಕದು, ಅಗ್ಗದ್ದಾದರೂ ಅಡ್ಡಿಯಿಲ್ಲ. ಊಟದ ಪದಾರ್ಥ, ಹಾಲು, ಔಷಧಿಗೆ ದಪ್ಪ ಗೋಡೆಯದೊಂದು. ಅದನ್ನು ಡಿಕ್ಕಿಯ ತಳದಲ್ಲಿಟ್ಟು, ಮೇಲೊಂದು ಕಂಬಳಿ ಹೊದಿಸಿ, ಊಟದ ಹೊತ್ತಿಗಲ್ಲದೆ ತೆರೆಯದಿದ್ದರೆ ಸಂಜೆಗೂ ಅದರಲ್ಲಿ ಐಸು ಉಳಿದಿರುತ್ತದೆ.